ಎರಡು ಹಣ್ಣು, ಇಬ್ಬರು ಹುಡುಗರು

ಸಂತೆಯಲ್ಲಿ ನಿಂತು 'ಮೂರು ತೆಂಗಿನಕಾಯಿಗಳನ್ನು ಕೊಡಿ' ಎಂದು ಕೇಳಿ ನೋಡಿ. ಕಾಯಿಯೇನೋ ಸಿಗುತ್ತದೆ. ಆದರೆ ಮಾರುವವನು ಒಮ್ಮೆ ತಲೆಯೆತ್ತಿ, ಇವರು ಯಾವ ನಾಟಕ ಕಂಪನಿಯವರೋ ಎಂಬಂತೆ ನಿಮ್ಮ ಮುಖ ನೋಡುತ್ತಾನೆ. ಕನ್ನಡದಲ್ಲಿ ವ್ಯಾಪಾರ ಮಾಡುವವರು 'ಮೂರು ಕಾಯಿ ಕೊಡಿ' ಎನ್ನುತ್ತಾರೆ. ಹತ್ತು ಇಡ್ಲಿ, ಎರಡು ಸೀರೆ, ನಾಲ್ಕು ಎಕರೆ, ಐದು ಹಸು. ದಿನವಿಡೀ ಹೀಗೆ ಮಾತಾಡಿ ಸಂಜೆ ಮನೆಗೆ ಬಂದ ಅಪ್ಪ, ಮಗಳ ನೋಟ್‌ಬುಕ್ ಬಿಡಿಸಿ ಕೂತಾಗ ಮಾತ್ರ ಬೇರೆ ಮನುಷ್ಯನಾಗುತ್ತಾನೆ. 'ಎರಡು ಪುಸ್ತಕ ಅಂತ ಬರೆದಿದ್ದೀಯಲ್ಲ, ಪುಸ್ತಕಗಳು ಅಂತ ಬರೀಬೇಕು' ಎಂದು ತಿದ್ದುತ್ತಾನೆ. ಮಗಳು ರಬ್ಬರ್ ಹುಡುಕುತ್ತಾಳೆ.

ಪುಟ್ಟ ಮಕ್ಕಳಿಗೆ ಏಕವಚನ, ಬಹುವಚನ ಕಲಿಸುವ ಪಾಠ ನಮ್ಮಲ್ಲಿ ಬಹುಪಾಲು ಒಂದೇ ಅಚ್ಚಿನದು. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಮರ, ಬಲಕ್ಕೆ ಮರಗಳು. ಎಡಕ್ಕೆ ಹೂವು, ಬಲಕ್ಕೆ ಹೂವುಗಳು. ಎಡಕ್ಕೆ ಹುಡುಗ, ಬಲಕ್ಕೆ ಹುಡುಗರು. ವಿರುದ್ಧಾರ್ಥಕ ಪದಗಳನ್ನು ಕಲಿಸುವ ಹಾಗೆಯೇ ಇವನ್ನೂ ಜೋಡಿ ಜೋಡಿಯಾಗಿ ಬಾಯಿಪಾಠ ಮಾಡಿಸುತ್ತಾರೆ. ಹಗಲು, ರಾತ್ರಿ; ಮರ, ಮರಗಳು. ಪರೀಕ್ಷೆಯಲ್ಲಿ 'ವಚನ ಬದಲಿಸಿ' ಎಂದು ಐದು ಅಂಕಕ್ಕೆ ಕೇಳಿದರೆ ಮಕ್ಕಳು ಸಲೀಸಾಗಿ ಬರೆಯುತ್ತಾರೆ. ಬರೆಯದೆ ಏನು? ಕನ್ನಡದ 'ಗಳು' ಜಗತ್ತಿನ ಅತಿ ಸುಲಭದ ಬಹುವಚನ ಪ್ರತ್ಯಯಗಳಲ್ಲಿ ಒಂದು. ಎಲೆ, ಇಲಿ, ಕಣ್ಣು, ಮನೆ, ಬಸ್ಸು, ಯಾವುದಕ್ಕೆ ಹಚ್ಚಿದರೂ ಮೂಲ ಪದ ಸ್ವಲ್ಪವೂ ಅಲುಗದೆ ಕೂತಿರುತ್ತದೆ. ಅರಬ್ಬಿಯಲ್ಲಿ ಪದದ ಹೊಟ್ಟೆಯೊಳಗಿನ ಸ್ವರಗಳೇ ಬದಲಾಗುತ್ತವೆ, ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಮೂರು ಬಗೆಯಾಗಿ ಉಚ್ಚಾರವಾಗುತ್ತದೆ. ನಮಗೆ ಆ ಪಾಡಿಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ಯಾವಾಗ ಹಚ್ಚಬೇಕು, ಯಾವಾಗ ಬಿಡಬೇಕು ಎನ್ನುವಲ್ಲಿದೆ. ಅದನ್ನು ನಮ್ಮ ವಚನದ ಪಾಠ ಹೇಳುವುದೇ ಇಲ್ಲ. ಸೋಜಿಗವೆಂದರೆ, ಶಾಲೆ ಹೇಳದ ಆ ಕಷ್ಟದ ಭಾಗವನ್ನು ಮಗು ಶಾಲೆಯ ಹೊಸ್ತಿಲು ದಾಟುವ ಮೊದಲೇ ಕಲಿತಿರುತ್ತದೆ.

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದವರ ಮಾತನ್ನು ಗಮನಿಸಿ. 'ರಾತ್ರಿ ತೋಟಕ್ಕೆ ಆನೆ ಬಂದಿತ್ತು' ಎಂದು ಒಬ್ಬರು ಹೇಳಿದ ಕೂಡಲೇ ಪಕ್ಕದವರು ಕೇಳುವ ಪ್ರಶ್ನೆ: 'ಒಂಟಿಯಾ, ಹಿಂಡಾ?' ಅಂದರೆ 'ಆನೆ ಬಂದಿತ್ತು' ಎಂಬ ಮಾತಿನಲ್ಲಿ ಆನೆ ಒಂದೇ ಎಂದು ಯಾರೂ ತಿಳಿಯುವುದಿಲ್ಲ. ಒಂದಿರಬಹುದು, ಹನ್ನೆರಡಿರಬಹುದು. ವ್ಯಾಕರಣದ ಪುಸ್ತಕ 'ಆನೆ' ಎಂಬುದನ್ನು ಏಕವಚನ ಎಂದು ಕರೆಯುತ್ತದೆ. ಮಾತಾಡುವ ಕನ್ನಡಿಗನಿಗೆ ಅದು ಆನೆ ಎಂಬ ಪ್ರಾಣಿ, ಅಷ್ಟೆ. ಎಷ್ಟು ಎಂಬುದು ಬೇಕಾದರೆ ಎಣಿಕೆಯ ಪದ ಬರುತ್ತದೆ. ಎಣಿಕೆ ಬಂದ ಮೇಲೆ 'ಗಳು' ಯಾಕೆ? 'ಮಾರ್ಕೆಟ್ಟಿಗೆ ಮಾವಿನಹಣ್ಣು ಬಂದಿದೆ' ಎಂದರೆ ಒಂದೇ ಒಂದು ಹಣ್ಣು ಬಂದು ಕೂತಿದೆ ಎಂದುಕೊಂಡು ಚೀಲ ಬಿಟ್ಟು ಹೋಗುವವರು ಯಾರೂ ಇಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಇದೇ ಕನ್ನಡ ತಟ್ಟನೆ ಬಿಗಿಯಾಗುತ್ತದೆ. 'ಎರಡು ಹಣ್ಣು' ಸರಿ. 'ಇಬ್ಬರು ಹುಡುಗ' ಎಂದು ನಾಲ್ಕು ವರ್ಷದ ಮಗುವೂ ಅನ್ನುವುದಿಲ್ಲ. 'ಇಬ್ಬರು ಹುಡುಗರು' ಎಂದೇ ಆಗಬೇಕು. ಎಣಿಕೆಯ ಪದವೂ ಬೇರೆ: ವಸ್ತುವಿಗೆ ಒಂದು, ಎರಡು, ಮೂರು, ಮನುಷ್ಯರಿಗೆ ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಅಲ್ಲಿಂದಾಚೆ ಆರು ಜನ, ಏಳು ಮಂದಿ. ಹಸುವಿಗೆ ಎರಡು, ದನ ಕಾಯುವವರಿಗೆ ಇಬ್ಬರು. ಕ್ರಿಯಾಪದವೂ ಜೊತೆಗೇ ಬಾಗಬೇಕು, 'ಹುಡುಗರು ಬಂದ' ಎಂದರೆ ಕಿವಿಗೆ ಕಲ್ಲು ಸಿಕ್ಕಂತೆ. ಇಷ್ಟೆಲ್ಲವನ್ನೂ ಮಗು ಯಾರ ಪಾಠವೂ ಇಲ್ಲದೆ, ಅಜ್ಜಿಯ ಸೊಂಟದ ಮೇಲೆ ಕೂತು ಕಲಿಯುತ್ತದೆ.

ಇದನ್ನು ಒರೆಗೆ ಹಚ್ಚಿ ನೋಡಲು ಒಂದು ಹಳೆಯ ಆಟವಿದೆ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬ ಯುವ ಸಂಶೋಧಕಿ ಬಾಸ್ಟನ್ ಸುತ್ತಮುತ್ತಲಿನ ನಾಲ್ಕರಿಂದ ಏಳು ವರ್ಷದ ಮಕ್ಕಳನ್ನು ಕೂರಿಸಿಕೊಂಡು ಒಂದು ಪರೀಕ್ಷೆ ಮಾಡಿದರು. ಹಕ್ಕಿಯಂಥ, ಎಲ್ಲೂ ಇಲ್ಲದ ಒಂದು ಜೀವಿಯ ಚಿತ್ರ ಬರೆದು ಅದಕ್ಕೆ 'ವಗ್' ಎಂದು ಹೆಸರಿಟ್ಟರು. 'ಇದು ಒಂದು ವಗ್. ಈಗ ಇನ್ನೊಂದು ಬಂತು. ಈಗ ಎರಡು...' ಎಂದು ಮಾತು ನಿಲ್ಲಿಸಿ ಮಗುವಿನ ಬಾಯಿ ನೋಡಿದರು. 'ವಗ್' ಎಂಬ ಪದವನ್ನು ಮಗು ಹುಟ್ಟಿದಂದಿನಿಂದ ಕೇಳಿಲ್ಲ, ಅಮ್ಮ ಹೇಳಿದ್ದನ್ನು ಒಪ್ಪಿಸಿತು ಅನ್ನುವ ಹಾಗಿಲ್ಲ. ಆದರೂ ಹೆಚ್ಚಿನ ಮಕ್ಕಳು 'ವಗ್ಸ್' ಎಂದರು. ಮಕ್ಕಳು ಗಿಳಿಪಾಠ ಒಪ್ಪಿಸುವುದಿಲ್ಲ, ಒಳಗೇ ನಿಯಮ ಕಟ್ಟಿಕೊಳ್ಳುತ್ತಾರೆ ಎಂಬುದಕ್ಕೆ ಭಾಷಾಶಾಸ್ತ್ರದವರು ಇಂದಿಗೂ ತೋರಿಸುವ ಪುರಾವೆ ಇದು. ಆ ನಿಯಮದ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಬರ್ಕೊ ತೋರಿಸಿದರು. 'ಗ್ಲಾಸ್' ಎಂಬುದಕ್ಕೆ 'ಗ್ಲಾಸಸ್' ಎಂದು ಸರಿಯಾಗಿ ಹೇಳುತ್ತಿದ್ದ ಮಕ್ಕಳು 'ಟಾಸ್' ಎಂಬ ಹುಸಿಪದ ಕೊಟ್ಟರೆ ತಡವರಿಸಿದರು. ಮೂರರಲ್ಲಿ ಒಂದು ಪಾಲಿನಷ್ಟು ಮಕ್ಕಳು ಮಾತ್ರ 'ಟಾಸಸ್' ಎಂದರು. ಗೊತ್ತಿದ್ದ ಪದ ಬೇರೆ, ಗೊತ್ತಿದ್ದ ನಿಯಮ ಬೇರೆ.

ಈ ಪರೀಕ್ಷೆಯನ್ನು ಹಾಗೆಯೇ ಎತ್ತಿ ಕನ್ನಡಕ್ಕೆ ತಂದರೆ ಏನಾಗುತ್ತದೆ? ನಮ್ಮ ಮನೆಯ ಐದು ವರ್ಷದ ಹುಡುಗಿಯ ಮುಂದೆ ಇಟ್ಟೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಕಾಲಿನ, ಕೊಂಬಿನ ಒಂದು ಪ್ರಾಣಿ ಬರೆದು 'ಇದು ಒಂದು ವಗ್ಗು' ಎಂದೆ. ಅವಳು ಅದಕ್ಕೆ ಬಾಲ ಇಲ್ಲ ಎಂದು ಆಕ್ಷೇಪಿಸಿ ಒಂದು ಬಾಲ ಬರೆದಳು. ಪಕ್ಕದಲ್ಲಿ ಇನ್ನೊಂದು ಬರೆದು 'ಈಗ ಇಲ್ಲಿ ಎರಡು...' ಎಂದೆ. 'ಎರಡು ವಗ್ಗು' ಎಂದಳು, ಇದೂ ಒಂದು ಪ್ರಶ್ನೆಯೇ ಎಂಬ ಧಾಟಿಯಲ್ಲಿ. ಬರ್ಕೊ ಅವರ ಲೆಕ್ಕದಲ್ಲಿ ಇದು ಸೊನ್ನೆ ಅಂಕದ ಉತ್ತರ. ಕನ್ನಡದ ಲೆಕ್ಕದಲ್ಲಿ ನೂರಕ್ಕೆ ನೂರು.

ಆಮೇಲೆ ಒಬ್ಬ ಮನುಷ್ಯನ ಚಿತ್ರ ಬರೆದೆ. ತಲೆಗೆ ಕೊಡೆಯಂಥ ಟೊಪ್ಪಿ. 'ಇವನು ಒಬ್ಬ ಮಿಬ್ಬ. ಇಲ್ಲಿ ಇನ್ನೊಬ್ಬ ಬಂದ. ಈಗ ಇಬ್ಬರು...' ಅವಳು ಪೆನ್ಸಿಲಿನಿಂದ ಎರಡನೆಯವನ ಟೊಪ್ಪಿಗೆ ಬಣ್ಣ ತುಂಬುತ್ತಲೇ 'ಮಿಬ್ಬರು' ಎಂದಳು. ವಗ್ಗಿಗೆ ಏನೂ ಹಚ್ಚದವಳು ಮಿಬ್ಬನಿಗೆ 'ರು' ಹಚ್ಚಿದಳು. ಬಹುವಚನ ಬಾರದ ಮಗುವಿನ ಉತ್ತರವಲ್ಲ ಅದು. ಕೊನೆಗೆ ಎಣಿಕೆ ಬಿಟ್ಟು, ವಗ್ಗುಗಳ ಒಂದು ದೊಡ್ಡ ಗುಂಪು ಬರೆದು 'ಇವೆಲ್ಲ ಏನು?' ಎಂದು ಕೇಳಿದಾಗ 'ವಗ್ಗುಗಳು' ಬಂತು. ಅದೂ ಒಂದು ಕ್ಷಣ ಯೋಚಿಸಿ, ಟಿವಿಯ ಕಾರ್ಟೂನಿನ ಕನ್ನಡದಲ್ಲಿ ಮಾತಾಡುವವಳ ಹಾಗೆ. ಒಂದು ಮನೆಯ ಒಂದು ಮಗುವಿನಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಹಾಳೆ, ಪೆನ್ಸಿಲ್ ಎಲ್ಲರ ಮನೆಯಲ್ಲೂ ಇರುತ್ತದೆ.

ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಬಹುವಚನದ ಬಾಲ ಬೇಗ ಬರುತ್ತದೆ ಎಂದು ರೋಜರ್ ಬ್ರೌನ್ 1973ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದರು. ಮೂರು ಮಕ್ಕಳ ಮಾತನ್ನು ವರ್ಷಗಟ್ಟಲೆ ದಾಖಲಿಸಿ, ಮಗು ಯಾವ ಪ್ರತ್ಯಯವನ್ನು ಯಾವುದರ ನಂತರ ಹಿಡಿಯುತ್ತದೆ ಎಂದು ಪಟ್ಟಿ ಮಾಡಿದವರು ಅವರು. ಅಲ್ಲಿ ಆ ಬಾಲ ಇಲ್ಲದೆ ಒಂದು ವಾಕ್ಯವೂ ನಡೆಯುವುದಿಲ್ಲ, ಬೇಗ ಬಂದರೆ ಅಚ್ಚರಿಯೇನಿಲ್ಲ. ಭಾಷೆಯ ವಚನ ಎಣಿಕೆಗೂ ನೆರವಾಗುತ್ತದೆ ಎಂದು ಸೂಚಿಸುವ ಅಧ್ಯಯನವೂ ಇದೆ. ಸಂಸ್ಕೃತದ ಹಾಗೆ ದ್ವಿವಚನವಿರುವ ಭಾಷೆ ಸ್ಲೊವೇನಿಯಾ ದೇಶದ್ದು. ಆ ಭಾಷೆಯ ಮಕ್ಕಳು 'ಎರಡು' ಎಂಬ ಸಂಖ್ಯೆಯ ಅರ್ಥವನ್ನು ಇಂಗ್ಲಿಷ್ ಮಕ್ಕಳಿಗಿಂತ ಬೇಗ ಹಿಡಿಯುತ್ತಾರೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ನಮ್ಮ ಮಕ್ಕಳು 'ಇಬ್ಬರು' ಮತ್ತು 'ಎರಡು' ಎಂದು ಎರಡು ಎರಡನ್ನು ಕಲಿಯುತ್ತಾರಲ್ಲ, ಅದು ಎಣಿಕೆಯ ಮೇಲೆ ಏನು ಮಾಡುತ್ತದೆ ಎಂದು ಯಾರಾದರೂ ಕೂತು ನೋಡಿದರೆ ಚೆಂದ.

ಶಾಲೆಗೆ ವಾಪಸ್ ಬರೋಣ. 'ಮನುಷ್ಯರಿಗೆ ರು, ವಸ್ತು ಮತ್ತು ಪ್ರಾಣಿಗಳಿಗೆ ಗಳು' ಎಂದು ಬೋರ್ಡಿನ ಮೇಲೆ ಬರೆಸುವ ನಿಯಮ ಮೊದಲ ಬೆಂಚಿನಲ್ಲೇ ಮುರಿದು ಬೀಳುತ್ತದೆ. ಏಕೆಂದರೆ ಅದನ್ನು ಬರೆದುಕೊಳ್ಳುತ್ತಿರುವವರು ವಿದ್ಯಾರ್ಥಿಗಳು. ವಿದ್ಯಾರ್ಥಿಗಳು, ಕವಿಗಳು, ವ್ಯಾಪಾರಿಗಳು, ಮಂತ್ರಿಗಳು, ಇವರೆಲ್ಲ ಮನುಷ್ಯರೇ. ವಿದ್ಯಾರ್ಥಿನಿ ಮಾತ್ರ ವಿದ್ಯಾರ್ಥಿನಿಯರು. ಹುಡುಗಿ ಹುಡುಗಿಯರು. ಅಣ್ಣ, ತಮ್ಮ, ಅಕ್ಕ, ಮಾವ, ಅಳಿಯ ಬಂದರೆ ಇನ್ನೊಂದು ಪ್ರತ್ಯಯವೇ ಬೇಕು: ಅಣ್ಣಂದಿರು, ಅಕ್ಕಂದಿರು, ಅಳಿಯಂದಿರು. 'ಅಣ್ಣರು' ಎಂದು ಒಂದನೇ ತರಗತಿಯ ಮಗು ಬರೆದರೆ ಅದು ಬೋರ್ಡಿನ ನಿಯಮವನ್ನು ನಂಬಿ ಬರೆದದ್ದು. ಅದೇ ಮಗುವನ್ನು 'ನಿನಗೆ ಎಷ್ಟು ಜನ ಅಣ್ಣಂದಿರು?' ಎಂದು ಕೇಳಿದರೆ 'ಇಬ್ಬರು ಅಣ್ಣಂದ್ರು' ಎಂದು ಸರಿಯಾಗಿಯೇ ಹೇಳುತ್ತದೆ.

ಮಗು ಎಂಬ ಪದದ ಬಹುವಚನವೇ ಯಾವ ನಿಯಮಕ್ಕೂ ಸಿಗುವುದಿಲ್ಲ. ಮಗುಗಳು ಅಲ್ಲ, ಮಗುವರು ಅಲ್ಲ, ಮಕ್ಕಳು. ಹೋಗಲಿ, ಮಕ್ಕಳು ವ್ಯಾಕರಣದಲ್ಲಿ ಯಾವ ಗುಂಪು? 'ನನಗೆ ಎರಡು ಮಕ್ಕಳು' ಎಂದೂ ಅನ್ನುತ್ತೇವೆ, 'ಇಬ್ಬರು ಮಕ್ಕಳು' ಎಂದೂ ಅನ್ನುತ್ತೇವೆ. 'ಮಕ್ಕಳು ಆಡ್ತಿದಾರೆ' ಎಂದಷ್ಟೇ ಸಹಜವಾಗಿ 'ಮಕ್ಕಳು ಆಡ್ತಿವೆ' ಎಂಬುದೂ ಬಾಯಲ್ಲಿ ಬರುತ್ತದೆ. ಕನ್ನಡಕ್ಕೆ ಮಗು ಇನ್ನೂ ಪೂರ್ತಿ ಮನುಷ್ಯರ ಲೆಕ್ಕಕ್ಕೆ ಬಂದಿಲ್ಲ. ಇದನ್ನು ಮೂರನೇ ತರಗತಿಯವರಿಗೆ ಹೇಳಿದರೆ ಜೋರಾಗಿ ನಗುತ್ತಾರೆ, ಮರೆಯುವುದೂ ಇಲ್ಲ. ಊರು ಬದಲಾದರೆ ಪದವೂ ಬದಲು: ಮಂಡ್ಯದ ಕಡೆ ಹೈಕ್ಳು, ಧಾರವಾಡದ ಕಡೆ ಹುಡುಗೂರು, ತುಳುವರಲ್ಲಿ ಬಾಲೆ ಜೋಕುಲು ಆಗುತ್ತದೆ. 'ಮಕ್ಕಳು' ಎಂಬುದೊಂದನ್ನೇ ಸರಿ ಎಂದು ಹೇಳಿ ಉಳಿದದ್ದನ್ನು ಅಳಿಸುವ ಮೊದಲು, ಈ ಎಲ್ಲ ಪದಗಳನ್ನೂ ಬೋರ್ಡಿನ ಮೇಲೆ ಬರೆದು, ಇವುಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇದ್ದಾರೆ ಎಂಬುದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅದೇ ಒಂದು ಪಾಠ.

ಜೋಡಿಪಟ್ಟಿಯ ಇನ್ನೊಂದು ತೊಡಕು ಓದಲು ಆಗಷ್ಟೇ ಕಲಿತ ಮಕ್ಕಳದ್ದು. 'ಗಳು' ಎಂದರೆ ಬಹುವಚನ ಎಂದು ಕಲಿತ ಹುಡುಗನೊಬ್ಬ 'ಮಗಳು' ಎಂಬ ಪದಕ್ಕೆ ಎದುರಾಗಿ ಏಕವಚನದ ಕಡೆ 'ಮ' ಎಂದು ಬರೆದರೆ ಅವನನ್ನು ಬೈಯುವ ಹಾಗಿಲ್ಲ. ಕೊಟ್ಟ ನಿಯಮವನ್ನು ಚಾಚೂ ತಪ್ಪದೆ ಅವನು ಪಾಲಿಸಿದ್ದಾನೆ. ತಿಂಗಳು ಕೂಡ ಹಾಗೆಯೇ. ಗಳು ಎಂದು ಕೊನೆಯಾಗುತ್ತದೆ, ಆದರೆ ಒಂದೇ ತಿಂಗಳು. ಊರು, ತೇರು, ಹೆಸರು, ಬೇರು ಎಂಬಲ್ಲೆಲ್ಲ 'ರು' ಇದೆ, ಜನರಿಲ್ಲ. ಇಂಥ ಪದಗಳನ್ನು ಬಚ್ಚಿಡುವ ಬದಲು ಮುಂದೆ ತಂದು 'ಇದರಲ್ಲಿ ಯಾವುದು ನಿಜವಾದ ಗಳು, ಯಾವುದು ವೇಷ ಹಾಕಿದ ಗಳು' ಎಂದು ಹುಡುಕಲು ಬಿಡಬೇಕು. ಆರೇಳು ವರ್ಷದವರಿಗೆ ಕಳ್ಳನನ್ನು ಹಿಡಿಯುವುದಕ್ಕಿಂತ ಇಷ್ಟದ ಕೆಲಸ ಇಲ್ಲ.

ಎಲ್ಲಕ್ಕಿಂತ ದೊಡ್ಡ ವೇಷಧಾರಿ ಗೌರವದ ಬಹುವಚನ. ಒಬ್ಬರೇ ಗುರುಗಳು ಬರುತ್ತಾರೆ, ಒಬ್ಬರೇ ಸ್ವಾಮಿಗಳು ಆಶೀರ್ವಾದ ಮಾಡುತ್ತಾರೆ. 'ಟೀಚರ್ ಬಂದರು' ಎಂದು ಎದ್ದು ನಿಲ್ಲುವ ಮಕ್ಕಳಿಗೆ ಟೀಚರ್ ಒಬ್ಬರೇ ಎಂಬುದು ಕಣ್ಣಿಗೆ ಕಾಣುತ್ತದೆ. ಅಂದರೆ 'ರು' ಎಂಬುದು 'ತುಂಬ ಜನ' ಎಂಬ ಅರ್ಥದಲ್ಲಿ ಸಿಗುವ ಮೊದಲೇ 'ದೊಡ್ಡವರು' ಎಂಬ ಅರ್ಥದಲ್ಲಿ ಹಲವು ಮಕ್ಕಳಿಗೆ ಸಿಕ್ಕಿರುತ್ತದೆ. ಎಲ್ಲ ಮನೆಯಲ್ಲೂ ಅಲ್ಲ. 'ಅಪ್ಪ ಬಂದ' ಎಂದು ಪ್ರೀತಿಯಿಂದ ಹೇಳುವ ಮನೆಗಳು ಹಳೇ ಮೈಸೂರಿನ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಅಂಥ ಮನೆಯಿಂದ ಬಂದ ಮಗುವಿಗೆ ಶಾಲೆಯಲ್ಲಿ 'ಬಂದ ಅನ್ನಬಾರದು, ಬಂದರು ಅನ್ನಬೇಕು' ಎಂದು ತಿದ್ದಿದರೆ, ಅಪ್ಪ ಒಬ್ಬನೇ ಅಲ್ಲವೇ ಎಂದು ಅದು ಗಲಿಬಿಲಿಗೊಳ್ಳುತ್ತದೆ. ಆ ಗಲಿಬಿಲಿಗೆ ಕಾರಣ ಮಗುವಲ್ಲ. ವಚನದ ಪಾಠವನ್ನೂ ಮರ್ಯಾದೆಯ ಪಾಠವನ್ನೂ ಒಂದೇ ಉಸಿರಿನಲ್ಲಿ ಹೇಳಿದವರು ನಾವು.

ಭಾಷೆಯೇ ಈ ಜಾಗದಲ್ಲಿ ಎಡವಿ ಎದ್ದಿದೆ. ದೇವರು ಎಂಬುದು ರೂಪದಲ್ಲಿ ಬಹುವಚನ. ಮರ್ಯಾದೆಗೆಂದು ಹಚ್ಚಿದ 'ರು' ಕಾಲಕ್ರಮದಲ್ಲಿ ಅಂಟಿಕೊಂಡು, ದೇವರು ಎಂದರೆ ಒಬ್ಬನೇ ಎಂದಾಯಿತು. ಆಮೇಲೆ ಹಲವು ದೇವರಿದ್ದಾರೆ ಎಂದು ಹೇಳಬೇಕಾದಾಗ 'ದೇವರುಗಳು' ಎಂದು ಬಾಲದ ಮೇಲೆ ಬಾಲ ಹಚ್ಚಿದೆವು. ಮೇಷ್ಟ್ರು ಮೇಷ್ಟ್ರುಗಳು ಆದದ್ದೂ ಹೀಗೆಯೇ. ಇಂದಿನ ಮಕ್ಕಳು 'ನನ್ನ ಫ್ರೆಂಡ್ಸ್‌ಗಳು', 'ಒಂದು ಚಿಪ್ಸ್ ಕೊಡು' ಎನ್ನುವಾಗ ಹಿರಿಯರಿಗೆ ಮೈ ಉರಿಯುತ್ತದೆ. ಭಾಷೆ ಕೆಟ್ಟುಹೋಯಿತು ಎಂದು ಪತ್ರಿಕೆಗೆ ಕಾಗದ ಬರೆಯುತ್ತಾರೆ. ಆದರೆ ಚಿಪ್ಸ್ ಎಂಬುದರ ಕೊನೆಯ 'ಸ್' ಆ ಮಗುವಿಗೆ ಬಹುವಚನವಲ್ಲ, ಪೊಟ್ಟಣದ ಮೇಲಿನ ಹೆಸರಿನ ಭಾಗ. ದೇವರುಗಳು ಎಂದ ನಮ್ಮ ಹಿರಿಯರೂ ಇದನ್ನೇ ಮಾಡಿದ್ದರು.

ಇಂಗ್ಲಿಷ್ ಪಾಠದ ಕಡೆ ಒಂದು ಹೆಜ್ಜೆ. ಸರ್ಕಾರಿ ಶಾಲೆಯ ಮಕ್ಕಳು 'ಟೂ ಮ್ಯಾಂಗೋ', 'ಫೈವ್ ಬುಕ್' ಎಂದಾಗ ಕೆಂಪು ಶಾಯಿ ಬೀಳುತ್ತದೆ. ತಪ್ಪೇ, ಇಂಗ್ಲಿಷಿನಲ್ಲಿ ಅದು ತಪ್ಪು. ಆದರೆ ಆ ಮಗು ಗಮನವಿಲ್ಲದೆ ಬರೆದದ್ದಲ್ಲ. ಐದು ಎಂದು ಹೇಳಿದ ಮೇಲೆ ಮತ್ತೆ ಬಹುವಚನ ಬೇಡ ಎಂಬ ಕನ್ನಡದ ನಿಯಮವನ್ನು ಹೊತ್ತು ತಂದಿದೆ. 'ಇಂಗ್ಲಿಷಿನವರು ಎಣಿಸಿ ಹೇಳಿದರೂ ಮತ್ತೆ ಬಾಲ ಹಚ್ಚುತ್ತಾರೆ, ನಾವು ಹಚ್ಚುವುದಿಲ್ಲ' ಎಂಬ ಒಂದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ಮಗುವಿಗೆ ಹಿಡಿಯಲು ಒಂದು ಹಿಡಿಕೆ ಸಿಗುತ್ತದೆ. ಆ ಮಾತು ಹೇಳದೆ ನೂರು ಸಲ ತಿದ್ದುವುದು ಇಬ್ಬರಿಗೂ ದಣಿವು. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲೋ ಅಮೆರಿಕದಲ್ಲೋ ಬೆಳೆದು ಕನ್ನಡವನ್ನು ಎರಡನೆಯದಾಗಿ ಕಲಿಯುವ ಮಕ್ಕಳದ್ದು ಇದಕ್ಕೆ ತದ್ವಿರುದ್ಧ: 'ಮೂರು ಬೆಕ್ಕುಗಳು', 'ಎರಡು ಹುಡುಗರು'. ವ್ಯಾಕರಣದ ಪುಸ್ತಕ ಮೊದಲನೆಯದಕ್ಕೆ ಸರಿ ಗುರುತು ಹಾಕುತ್ತದೆ, ಅಜ್ಜಿ ಮಾತ್ರ ಮೊಮ್ಮಗುವಿನ ಮಾತು ಅಚ್ಚಿನ ಪುಸ್ತಕದ ಹಾಗಿದೆ ಎನ್ನುತ್ತಾಳೆ. ಅಜ್ಜಿಯೇ ಸರಿ. ನೆರೆಯ ಭಾಷೆಗಳನ್ನೂ ಮರೆಯುವಂತಿಲ್ಲ. ಪಾವಗಡ, ಕೋಲಾರದ ಕಡೆ ಮನೆಯಲ್ಲಿ ತೆಲುಗು ಆಡುವ ಮಗುವಿಗೆ 'ರೆಂಡು ಪುಸ್ತಕಾಲು' ಎಂದು ಎಣಿಕೆಯ ಜೊತೆಗೂ ಬಹುವಚನ ಬೇಕು. ದಖನಿ ಆಡುವ ಮಗುವಿಗೆ 'ದೋ ಕಿತಾಬಾಂ'. ಒಂದೇ ತರಗತಿಯಲ್ಲಿ ಕೂತ ಮೂರು ಮಕ್ಕಳು ಒಂದೇ ಅಭ್ಯಾಸದಲ್ಲಿ ಮೂರು ಬಗೆಯಾಗಿ ತಡವರಿಸುವುದಕ್ಕೆ ಇದು ಕಾರಣ.

ಈ ಪಾಠ ಇಷ್ಟು ಒಣಕಲಾಗಿ ಯಾಕೆ ಉಳಿಯಿತು? ಲಿಂಗ, ವಚನ, ವಿಭಕ್ತಿ ಎಂಬ ಚೌಕಟ್ಟು ಸಂಸ್ಕೃತದ್ದು. ಕೇಶಿರಾಜ 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದಾಗಲೂ ಆ ಚೌಕಟ್ಟಿನೊಳಗೇ ಕನ್ನಡವನ್ನು ಕೂರಿಸಬೇಕಾಯಿತು. ಸಂಸ್ಕೃತದಲ್ಲಿ ನಾಮಪದ ಎಂದ ಮೇಲೆ ಅದಕ್ಕೆ ವಚನ ಇದ್ದೇ ತೀರಬೇಕು. ವಚನವಿಲ್ಲದ ನಾಮಪದ ವಾಕ್ಯದಲ್ಲಿ ಕಾಲಿಡುವಂತಿಲ್ಲ. ಕನ್ನಡ ಹಾಗಿಲ್ಲ. ಕನ್ನಡವನ್ನು ಕನ್ನಡದ ಕಣ್ಣಿನಿಂದಲೇ ನೋಡಬೇಕು ಎಂದು ಭಾಷಾ ವಿದ್ವಾಂಸ ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕದಲ್ಲಿ ವಾದಿಸಿದರು. ಅವರ ಬರಹದ ಬಗ್ಗೆ, ಅದರಲ್ಲೂ ಮಹಾಪ್ರಾಣ ಬಿಡಬೇಕೆಂಬ ಅವರ ಹಟದ ಬಗ್ಗೆ, ಜಗಳ ಬೇಕಾದಷ್ಟು ನಡೆಯಿತು. ಜಗಳದ ಗದ್ದಲದಲ್ಲಿ ಆ ಪುಸ್ತಕದ ಮೂಲ ಪ್ರಶ್ನೆ ಒಂದನೇ ತರಗತಿಯ ತನಕ ಇಳಿಯಲೇ ಇಲ್ಲ.

ಕನ್ನಡಕ್ಕೆ ಹೆಚ್ಚನ್ನು ಹೇಳಲು 'ಗಳು' ಒಂದೇ ದಾರಿಯೂ ಅಲ್ಲ. ಊರೂರು ಸುತ್ತಿದ, ಮನೆಮನೆಗೂ ಹೋದರು: ಪದವನ್ನು ಎರಡು ಸಲ ಹೇಳಿದರೆ ಹಲವಾಯಿತು. ದನಕರು, ಗಿಡಮರ, ಬಟ್ಟೆಬರೆ, ಹಣ್ಣುಹಂಪಲು: ಎರಡು ಪದ ಜೋಡಿಸಿದರೆ ಒಂದು ರಾಶಿಯೇ ಆಯಿತು. 'ಪುಸ್ತಕ ಗಿಸ್ತಕ ಎಲ್ಲ ತಗೊಂಡ್ಯಾ?' ಎಂದರೆ ಪುಸ್ತಕದ ಜೊತೆ ಪೆನ್ಸಿಲ್, ರಬ್ಬರ್, ಊಟದ ಡಬ್ಬಿಯೂ ಒಳಗೆ ಬಂತು. 'ಎಣ್ಣೆ' ಎಣಿಸಲಾಗದ ವಸ್ತು, ಆದರೆ 'ಎಣ್ಣೆಗಳು' ಎಂದರೆ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಎಂಬ ಬಗೆಗಳು. ರೈತರು 'ಈ ವರ್ಷ ಮಳೆಗಳು ಕೈಕೊಟ್ಟವು' ಎನ್ನುವಾಗ ಹನಿಗಳನ್ನು ಎಣಿಸುತ್ತಿಲ್ಲ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ನಕ್ಷತ್ರದ ಹೆಸರಿನ ಒಂದೊಂದು ಮಳೆಯನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತಿದ್ದಾರೆ. ಇವನ್ನೆಲ್ಲ ಮಕ್ಕಳು ದಿನವೂ ಕೇಳುತ್ತಾರೆ. ಜೋಡಿಪಟ್ಟಿಯಲ್ಲಿ ಇವು ಒಂದೂ ಇರುವುದಿಲ್ಲ.

ಇನ್ನು ಕಲಿಸುವ ಕ್ರಮ. ನನ್ನ ಮಟ್ಟಿಗೆ ಪಾಠ ಶುರುವಾಗಬೇಕಾದದ್ದು ಜನರಿಂದ, ಮರದಿಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ಪದ್ಧತಿ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ನೆಲದ ಮೇಲೆ ಕೂರಿಸಿ, ಕಾರ್ಡು, ಹಾಡು, ಆಟದ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತದೆ. ಅಲ್ಲಿ ಎದ್ದು ಓಡಾಡಲು ಜಾಗವಿದೆ, ಅದೇ ಬೇಕಾದದ್ದು. ಒಬ್ಬ ಹುಡುಗನನ್ನು ನಡುವೆ ನಿಲ್ಲಿಸಿ. 'ಒಬ್ಬ ಹುಡುಗ ನಿಂತ' ಎಂದು ಎಲ್ಲರೂ ಹೇಳಲಿ. ಇನ್ನೊಬ್ಬ ಸೇರಲಿ: 'ಇಬ್ಬರು ಹುಡುಗರು ನಿಂತರು.' ಈಗ ಒಬ್ಬಳು ಹುಡುಗಿಯನ್ನು ಕರೆಯಿರಿ. ತರಗತಿ ಒಂದು ಗಳಿಗೆ ತಬ್ಬಿಬ್ಬಾಗುತ್ತದೆ. ಮೂವರು ಹುಡುಗರು ಅನ್ನುವ ಹಾಗಿಲ್ಲ, ಮೂವರು ಹುಡುಗಿಯರು ಅನ್ನುವ ಹಾಗೂ ಇಲ್ಲ. ಯಾವುದೋ ಮೂಲೆಯಿಂದ 'ಮೂರು ಜನ ಮಕ್ಕಳು' ಎಂದು ಒಂದು ದನಿ ಬರುತ್ತದೆ, ಬರದಿದ್ದರೆ ಸ್ವಲ್ಪ ಕಾಯಬೇಕು. ಅವನು, ಅವಳು ಎಂಬ ಭೇದ 'ಅವರು' ಎಂಬಲ್ಲಿ ಕರಗಿಹೋಗುವುದನ್ನು ಹೇಳಿಕೊಡದೆಯೇ ಅವರು ಕಂಡುಕೊಂಡಿರುತ್ತಾರೆ. ನಿಂತ, ನಿಂತಳು, ನಿಂತರು ಎಂದು ಕ್ರಿಯಾಪದ ತಾನಾಗಿ ಬದಲಾಯಿತಲ್ಲ, ಅದನ್ನು ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ.

ಪ್ರಾಣಿ, ವಸ್ತುಗಳಿಗೆ ಎರಡನೆಯ ಸರದಿ. ಹುಣಸೆ ಬೀಜ, ಬಳಪ, ಎಲೆ ಏನಾದರೂ ಸರಿ. ಒಂದು ಬೀಜ ಉರುಳಿತು, ನಾಲ್ಕು ಬೀಜ ಉರುಳಿದವು. ಇಲ್ಲಿ 'ಬೀಜಗಳು' ಎಂದು ಹೇಳಿಸುವ ಆತುರ ಬೇಡ. ಹೆಸರು ಬೋಳಾಗಿದ್ದರೂ 'ಉರುಳಿದವು' ಎಂಬಲ್ಲಿ ಬಹುವಚನ ಬಂದು ಕೂತಿದೆ. ಕೆಲವು ಮಕ್ಕಳು 'ನಾಲ್ಕು ಬೀಜ ಉರುಳ್ತು' ಎನ್ನುತ್ತಾರೆ. ಆಡುಮಾತಿನಲ್ಲಿ ಅದೂ ಇದೆ, ಬರೆಯುವಾಗ ಮಾತ್ರ 'ಉರುಳಿದವು' ಎಂದು ತೋರಿಸಿದರೆ ಸಾಕು. ಅದು ಅವು ಆಗುವುದು, ದೊಡ್ಡದು ದೊಡ್ಡವು ಆಗುವುದು ಇದರ ಬೆನ್ನಿಗೇ ಬರುತ್ತದೆ. 'ಅವುಗಳು' ಎಂದು ಬರೆಸುವ ಚಟವೊಂದು ನಮ್ಮ ಶಾಲೆಗಳಲ್ಲೂ ಪತ್ರಿಕೆಗಳಲ್ಲೂ ಬೇರೂರಿದೆ. 'ಅವು ಹಾರಿದವು' ಎಂಬಲ್ಲಿ ಏನು ಕಮ್ಮಿಯಾಯಿತು?

'ಗಳು' ಬರಬೇಕಾದದ್ದು ಕೊನೆಗೆ, ಮಕ್ಕಳು ಬರೆಯತೊಡಗಿದ ಮೇಲೆ. ಏಕೆಂದರೆ ಅದು ಹೆಚ್ಚಾಗಿ ಬರಹದ ಸರಕು. 'ನಮ್ಮ ಊರಿನ ಕೆರೆಗಳು', 'ಸಾಕುಪ್ರಾಣಿಗಳು', 'ಆ ಮರಗಳನ್ನು ಕಡಿದರು' ಎಂದು ಎಣಿಕೆಯಿಲ್ಲದೆ ಒಂದು ಗುಂಪನ್ನೇ ಕೈಯಿಟ್ಟು ತೋರಿಸಬೇಕಾದಾಗ ಅದರ ಕೆಲಸ ಶುರುವಾಗುತ್ತದೆ. ಮೂರನೇ ತರಗತಿಯ ಮಗುವಿನ ಕೈಗೆ ಒಂದು ವಾಕ್ಯ ಕೊಟ್ಟು ನೋಡಬಹುದು: 'ಕೆರೆಯ ಏರಿಯ ಮೇಲಿನ ಮರ ಕಡಿದರು.' ಎಷ್ಟು ಮರ? ಗೊತ್ತಾಗುವುದಿಲ್ಲ ಎಂದು ಅರ್ಧ ತರಗತಿ ಹೇಳುತ್ತದೆ, ಒಂದು ಎಂದು ಇನ್ನರ್ಧ. 'ಮರಗಳನ್ನು ಕಡಿದರು' ಎಂದಾಗ ಅನುಮಾನ ಉಳಿಯುವುದಿಲ್ಲ. ಅನುಮಾನ ಬರುವಲ್ಲಿ ಬೇಕು, ಬಾರದಲ್ಲಿ ಬೇಡ ಎಂದು ಅವರೇ ತೀರ್ಮಾನಿಸಲಿ.

ಪ್ರಶ್ನೆಪತ್ರಿಕೆಯ 'ವಚನ ಬದಲಿಸಿ' ಹೋಗುವವರೆಗೆ ಇದೆಲ್ಲ ತರಗತಿಯೊಳಗಿನ ಮಾತಾಗಿಯೇ ಉಳಿಯುತ್ತದೆ ಎಂಬುದು ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಆ ಐದು ಅಂಕದ ಜಾಗದಲ್ಲಿ ಒಂದು ಚಿತ್ರ ಕೊಡಬಹುದು: ಹಟ್ಟಿಯ ಮುಂದೆ ಮೂರು ಹಸು, ಇಬ್ಬರು ಹೆಂಗಸರು, ಅಂಗಳದ ತುಂಬ ಕೋಳಿ, ಜಗಲಿಯಲ್ಲಿ ಒಬ್ಬರೇ ಅಜ್ಜ. ಕಂಡದ್ದನ್ನು ಐದು ವಾಕ್ಯದಲ್ಲಿ ಬರೆಯಿರಿ. 'ಮೂರು ಹಸು ನಿಂತಿವೆ' ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಕೊಡಬೇಕೆಂದು ಮೌಲ್ಯಮಾಪನದ ಸೂಚನೆಯಲ್ಲೇ ಬರೆದಿಡಬೇಕು.